ಭತ್ತಕ್ಕೆ ಬಯಕೆ, ರಾಗಿಗೆ ಸೆರೆಮನೆ

ಸಾಗರ, ಸೊರಬದ ಕಡೆ ಅಕ್ಟೋಬರ್ ಹೊತ್ತಿಗೆ ಗದ್ದೆ ಬಸುರಿ ಆಗುತ್ತದೆ. ಹೀಗೆ ಹೇಳಿದರೆ ಪೇಟೆಯವರಿಗೆ ಇದು ಕವಿಯ ಮಾತು ಅನ್ನಿಸಬಹುದು. ಆದರೆ ಇದನ್ನು ಹೇಳುವವರು ಮೊಣಕಾಲುದ್ದ ಕೆಸರಲ್ಲಿ ನಿಂತು ನಾಟಿ ಮಾಡಿದವರು. ಮಳೆಗಾಲದಲ್ಲಿ ನೆಟ್ಟ ಸಸಿ ಆ ಹೊತ್ತಿಗೆ ಹೊಡೆ ತುಂಬಿಕೊಂಡಿರುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ಸುಳಿಯ ಒಳಗೇ ಸುತ್ತಿಕೊಂಡು ಕೂತಿರುತ್ತದೆ, ಕಾಂಡದ ಮೇಲ್ಭಾಗ ಉಬ್ಬಿರುತ್ತದೆ, ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದರೆ ಒಳಗೆ ಏನೋ ಇದೆ ಅಂತ ಗೊತ್ತಾಗುತ್ತದೆ. ಆಮೇಲೆ ತೆನೆ ಹೊರಗೆ ಬಂದು, ಹೂವಾಗಿ, ಕಾಳಿನೊಳಗೆ ಹಾಲು ತುಂಬುತ್ತದೆ. ನಿಜವಾಗಲೂ ಹಾಲೇ. ಉಗುರಲ್ಲಿ ಒತ್ತಿದರೆ ಬೆಳ್ಳಗೆ ಜಿನುಗುತ್ತದೆ. ಇದನ್ನು ದಿನಾ ನೋಡುವವರು ಬಸುರಿ ಅನ್ನದೆ ಇನ್ನೇನು ಅನ್ನಬೇಕು?

ಶಾಲೆಯಲ್ಲಿ ನಮಗೆ ಇದನ್ನು ಅಲಂಕಾರ ಅಂತ ಹೇಳಿಕೊಟ್ಟರು. ಮನುಷ್ಯರಲ್ಲದ್ದಕ್ಕೆ ಮನುಷ್ಯರ ಗುಣ ಹಚ್ಚುವುದು, ಮಾತಿಗೆ ಚೆಂದ ಬರಲಿ ಅಂತ ಮಾಡುವುದು, ಅಷ್ಟೇ. ಈ ವಿವರಣೆ ನನಗೆ ಯಾವತ್ತೂ ಸಾಕು ಅನ್ನಿಸಿಲ್ಲ. ನಾವು ಮರಕ್ಕೆ, ಕಾಳಿಗೆ, ಮೋಡಕ್ಕೆ, ಹಾವಿಗೆ, ಬೈಕಿಗೆ ಮನುಷ್ಯರ ಗುಣ ಕೊಡುತ್ತಲೇ ಇರುತ್ತೇವೆ. ಅದರಲ್ಲಿ ಎರಡು ಥರ ಇದೆ ಅಂತ ನನಗೆ ಅನ್ನಿಸುತ್ತದೆ. ಒಂದು, ಆ ವಸ್ತುವಿನ ಜೊತೆ ಬದುಕಿ, ಅದರ ಸ್ವಭಾವ ಚೆನ್ನಾಗಿ ಗೊತ್ತಿದ್ದವರು ಆಡಿದ್ದು. ಇನ್ನೊಂದು, ಸರಿಯಾಗಿ ನೋಡದೆ ಸುಮ್ನೆ ಅಂಟಿಸಿದ್ದು. ಎರಡೂ ಕೇಳುವುದಕ್ಕೆ ಒಂದೇ ಥರ ಇರುತ್ತವೆ. ಆದರೆ ಮೊದಲನೆಯದರಿಂದ ಆ ವಸ್ತುವಿಗೂ ನಮಗೂ ಒಳ್ಳೆಯದಾಗುತ್ತದೆ, ಎರಡನೆಯದರಿಂದ ಎಷ್ಟೋ ಸಲ ಜೀವವೇ ಹೋಗುತ್ತದೆ.

ಮೊದಲು ಗದ್ದೆಯ ವಿಷಯ ಮುಗಿಸುತ್ತೇನೆ, ಯಾಕೆಂದರೆ ನನಗೆ ತುಂಬಾ ಇಷ್ಟವಾದದ್ದು ಅದು.

ಆಶ್ವಯುಜದ ಹುಣ್ಣಿಮೆಗೆ ಭೂಮಿ ಹುಣ್ಣಿಮೆ ಅಂತಾರೆ, ಸೀಗೆ ಹುಣ್ಣಿಮೆ ಅಂತಲೂ ಅಂತಾರೆ. ಮನೆ ಮಗಳು ಬಸುರಿಯಾದರೆ ಬಯಕೆ ಊಟ ಹಾಕುತ್ತಾರಲ್ವಾ, ಹಾಗೆ ಅವತ್ತು ಭೂಮಿಗೆ ಬಯಕೆ. ಈ ಕಡೆಯ ರೈತ ಸಮುದಾಯವಾದ ದೀವರ ಮನೆಗಳಲ್ಲಿ ಇದಕ್ಕೆ ಅಂತಲೇ ಬುಟ್ಟಿ ಇರುತ್ತದೆ, ಭೂಮಣ್ಣಿ ಬುಟ್ಟಿ. ಬುಟ್ಟಿಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಅಂಗಡಿಯದಲ್ಲ, ಪುಂಡಿ ನಾರಿನದು. ದಸರಾ ಮುಗಿದು ಹುಣ್ಣಿಮೆ ಬರುವುದರೊಳಗೆ ಹೆಂಗಸರು ಹಗಲಿನ ಕೆಲಸ ಮುಗಿಸಿ ಕೂತು ಇದನ್ನು ಬರೆಯುತ್ತಾರೆ. ಗೆರೆ ಎಷ್ಟು ಸಣ್ಣ ಅಂದರೆ ದೂರದಿಂದ ನೋಡಿದವರಿಗೆ ಬಟ್ಟೆಯ ನೇಯ್ಗೆ ಇರಬೇಕು ಅನ್ನಿಸುತ್ತದೆ. ಅದರಲ್ಲಿ ಭತ್ತದ ಸಸಿ ಇರುತ್ತದೆ, ಗಾಡಿ ಇರುತ್ತದೆ, ಮನುಷ್ಯರ ಸಾಲು ಇರುತ್ತದೆ. ಗದ್ದೆಗೆ ಊಟ ಹೊತ್ತುಕೊಂಡು ಹೋಗುವ ಬುಟ್ಟಿಯ ಮೇಲೆ ಗದ್ದೆಯದೇ ಚಿತ್ರ.

ಗೆಳತಿಯ ತವರು ಸೊರಬದ ಹತ್ತಿರ. ಒಂದು ವರ್ಷ ಈ ಹಬ್ಬಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಹಿಂದಿನ ರಾತ್ರಿ ಆ ಮನೆಯಲ್ಲಿ ಯಾರೂ ಮಲಗಲೇ ಇಲ್ಲ ಅನ್ನಬಹುದು. ಅಡುಗೆಮನೆಯಲ್ಲಿ ರಾತ್ರಿಯಿಡೀ ಒಲೆ ಉರಿಯುತ್ತಿತ್ತು. ಕಡುಬು ಬೇಯುತ್ತಿತ್ತು, ಹಲವು ಥರದ ಸೊಪ್ಪು ಸೇರಿಸಿದ ಹಚ್ಚಂಬಲಿ ಕುದಿಯುತ್ತಿತ್ತು. ಇನ್ನೂ ಬೆಳಕು ಹರಿಯುವ ಮೊದಲೇ ಆ ಹಚ್ಚಂಬಲಿಯನ್ನು ಸಣ್ಣ ಬುಟ್ಟಿಯಲ್ಲಿ ತೆಗೆದುಕೊಂಡು, ದೊಂದಿ ಹಿಡಿದು, ಗದ್ದೆ ತೋಟ ಎಲ್ಲಾ ಕಡೆ ಬೀರಿ ಬಂದರು. ಬೀರುವಾಗ ಭೂಮಿತಾಯಿ ಬಂದು ಉಂಡು ಹೋಗಲಿ ಅಂತ ಜೋರಾಗಿ ಕೂಗುತ್ತಾರೆ. ಒಂದು ಗದ್ದೆಯಿಂದ ಕೂಗಿದರೆ ಆಚೆ ಗದ್ದೆಯಿಂದ ಇನ್ನೊಂದು ಮನೆಯವರ ಕೂಗು ಕೇಳುತ್ತದೆ.

ಬೆಳಗಾದ ಮೇಲೆ ಮನೆಮಂದಿಯೆಲ್ಲ ಪೂಜೆಗೆ ಹೋದೆವು. ನಾನು ಫೋಟೋ ತೆಗೆಯೋಣ ಅಂತ ಬದುವಿನಿಂದ ಕೆಳಗೆ ಕಾಲಿಡುವವಳಿದ್ದೆ. ಗೆಳತಿಯ ಅವ್ವ ತಕ್ಷಣ ಕೈ ಹಿಡಿದರು. "ಮಗಾ, ಬದು ಮ್ಯಾಲೇ ನಿಂತ್ಕ. ಇಳೀಬ್ಯಾಡ, ಬಸ್ರಿ ಅವ್ಳು." ಅಷ್ಟು ಹೇಳಿ ತಮ್ಮ ಕೊರಳಿನ ಸರ ತೆಗೆದು, ನಾಲ್ಕೈದು ಪೈರನ್ನು ಒಟ್ಟಿಗೆ ಹಿಡಿದು, ಅದಕ್ಕೆ ಹಾಕಿದರು. ಅರಿಸಿನ ಕುಂಕುಮ ಇಟ್ಟರು, ಹೂವು ಮುಡಿಸಿದರು. ಎಡೆ ಇಡುವಾಗ ಕಾಗೆಗೆ ಒಂದು, ಇಲಿಗೆ ಒಂದು ಅಂತ ಬೇರೆ ತೆಗೆದಿಟ್ಟರು. ಇಲಿ ಭತ್ತ ತಿನ್ನುವುದು ಅವರಿಗೆ ಗೊತ್ತಿಲ್ಲವಾ? ಎಲ್ಲರಿಗಿಂತ ಜಾಸ್ತಿ ಗೊತ್ತು. ಕೊನೆಗೆ ಒಂದು ಕಡುಬನ್ನು ಗದ್ದೆಯ ಮಣ್ಣಲ್ಲಿ ಹೂತರು. ಕೊಯ್ಲಿಗೆ ಬಂದಾಗ ಅದನ್ನು ತೆಗೆಯುತ್ತಾರಂತೆ.

ಹೊಡೆ ಮತ್ತು ಹೂವಿನ ಹೊತ್ತಿನಲ್ಲಿ ಭತ್ತಕ್ಕೆ ನೀರು ಕಡಿಮೆಯಾದರೆ ಕಾಳು ಕಟ್ಟುವುದಿಲ್ಲ, ಜೊಳ್ಳಾಗುತ್ತದೆ. ಆಗ ಗದ್ದೆಗಿಳಿದು ಓಡಾಡಿದರೆ ಕಾಂಡ ಮುರಿಯುತ್ತದೆ, ಒಳಗಿದ್ದ ತೆನೆ ಅಲ್ಲೇ ಹೋಯಿತು. ಕೃಷಿ ಇಲಾಖೆಯವರು ಕರಪತ್ರದಲ್ಲಿ ಬರೆಯಬೇಕಾದ ಮಾತನ್ನು ಆ ಅವ್ವ ಎರಡೇ ಶಬ್ದದಲ್ಲಿ ಮುಗಿಸಿದರು. ಅಷ್ಟೇ ಅಲ್ಲ, ಕರಪತ್ರ ಓದಿದ್ದರೆ ನಾನು "ಒಂದೇ ಒಂದು ಫೋಟೋ" ಅಂತ ಇಳಿದುಬಿಡುತ್ತಿದ್ದೆನೋ ಏನೋ. ಬಸುರಿ ಅಂದ ಮೇಲೆ ಕಾಲು ಮುಂದೆ ಹೋಗುವುದಿಲ್ಲ.

ಕರಾವಳಿಯ ಕೆಡ್ಡಸವೂ ಹೀಗೇ. ತುಳುನಾಡಿನಲ್ಲಿ ಫೆಬ್ರವರಿ ಎರಡನೇ ವಾರದ ಹೊತ್ತಿಗೆ 3 ದಿನ ಭೂಮಿ ಮುಟ್ಟಾಗಿರುತ್ತಾಳೆ. ಆ ದಿನಗಳಲ್ಲಿ ನೇಗಿಲು ಹೂಡುವಂತಿಲ್ಲ, ಹಾರೆ ಗುದ್ದಲಿ ಹಾಕುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಕೊನೆಗೆ ಹೆಂಗಸರು ನೆಲಕ್ಕೆ ಎಣ್ಣೆ ಬಿಟ್ಟು ಸ್ನಾನ ಮಾಡಿಸುತ್ತಾರೆ. ಹುರಿದ ಅಕ್ಕಿ, ಬೆಲ್ಲ ಹಾಕಿ ಮಾಡಿದ ನನ್ನೇರಿ ಹಂಚುತ್ತಾರೆ. ಮುಟ್ಟು ಅಂದರೆ ಮೂಗು ಮುರಿಯುವ ನಾಡಿನಲ್ಲೇ ಅದಕ್ಕೆ ಹಬ್ಬ ಮಾಡುವ ಜನವೂ ಇದ್ದಾರೆ ಅನ್ನುವುದು ನನಗೆ ತುಂಬಾ ದೊಡ್ಡ ವಿಷಯ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಇಲ್ಲಿ ಹೇಳಬೇಕಾದ್ದು ಇಷ್ಟು: ಭೂಮಿಗೆ ಹೆಣ್ಣಿನ ದೇಹ ಕೊಟ್ಟ ಜನ, ಆ ದೇಹಕ್ಕೆ ಬೇಕಾದ ವಿಶ್ರಾಂತಿಯನ್ನೂ ಜೊತೆಗೇ ಕೊಟ್ಟರು. ಗುಣ ಕೊಟ್ಟು ಸುಮ್ಮನಾಗಲಿಲ್ಲ, ಗುದ್ದಲಿ ಕೆಳಗಿಟ್ಟರು.

ಸಾಹಿತ್ಯದಲ್ಲಿ ಇದಕ್ಕೆ ನಮ್ಮ ಕನಕದಾಸರ ರಾಮಧಾನ್ಯ ಚರಿತೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 16ನೇ ಶತಮಾನದ್ದು, ಭಾಮಿನಿ ಷಟ್ಪದಿಯಲ್ಲಿದೆ, ಚಿಕ್ಕ ಕಾವ್ಯ. ಕತೆ ಬಹಳ ಜನಕ್ಕೆ ಗೊತ್ತಿರುತ್ತದೆ. ಲಂಕೆಯಿಂದ ವಾಪಸ್ ಬರುವಾಗ ರಾಮ ಋಷಿಗಳ ಆಶ್ರಮದಲ್ಲಿ ಇಳಿದುಕೊಳ್ಳುತ್ತಾನೆ, ಊಟ ಆಗುತ್ತದೆ, ಧಾನ್ಯಗಳಲ್ಲಿ ಯಾವುದು ಹೆಚ್ಚು ಅನ್ನುವ ಮಾತು ಬರುತ್ತದೆ. ಗೌತಮರು ನರೆದಲೆಗ ಅಂತಾರೆ, ಅಂದರೆ ರಾಗಿ. ವ್ರೀಹಿಗೆ, ಅಂದರೆ ಭತ್ತಕ್ಕೆ, ಸಿಟ್ಟು ನೆತ್ತಿಗೇರುತ್ತದೆ. ತುಂಬಿದ ಸಭೆಯಲ್ಲಿ ಎರಡೂ ಜಗಳಕ್ಕೆ ನಿಲ್ಲುತ್ತವೆ.

ಆ ಜಗಳ ಎಷ್ಟು ಚೆನ್ನಾಗಿದೆ ಅಂದರೆ, ಹಳ್ಳಿಯ ಪಂಚಾಯ್ತಿ ಕಟ್ಟೆಯಲ್ಲಿ ಕೂತು ಕೇಳಿದ ಹಾಗೇ ಇದೆ. ಅಕ್ಕಿ ತನ್ನ ದೊಡ್ಡಸ್ತಿಕೆ ಹೇಳಿಕೊಳ್ಳುತ್ತದೆ: ಮದುವೆ ಮುಂಜಿಗೆ ನಾನು, ಮಂತ್ರಾಕ್ಷತೆಗೆ ನಾನು, ದೇವರ ನೈವೇದ್ಯಕ್ಕೆ ನಾನು, ನೀನು ಕೀಳು ಜನರ ಕೂಳು. ರಾಗಿ ತಗ್ಗುವುದಿಲ್ಲ. ನೀನು ಉಳ್ಳವರ ಮುಖ ನೋಡುವವನು, ಬಡವರನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಬಾಣಂತಿಗೆ ಪಥ್ಯ, ರೋಗಿಗೆ ಪಥ್ಯ, ಕೊನೆಗೆ ಹೆಣದ ಬಾಯಿಗೆ ಹಾಕುವ ಕಾಳು, ಅಷ್ಟೇ ನಿನ್ನ ಬದುಕು. ಮಳೆ ಹೋಗಿ ಬರ ಬಂದಾಗ ಜನರನ್ನು ಉಳಿಸುವವನು ನಾನು ಅಂತ ತಿರುಗಿಸಿ ಕೊಡುತ್ತದೆ. ಈ ಜಗಳ ಕಾಳುಗಳದ್ದಲ್ಲ, ಮೇಲು ಕೀಳಿನದು ಅಂತ ಎಲ್ಲರೂ ಹೇಳುತ್ತಾರೆ, ಅದು ಸರಿ. ನನಗೆ ಕನಕದಾಸರ ಮೇಲೆ ಗೌರವ ಇನ್ನೂ ಹೆಚ್ಚಾಗುವುದು ತೀರ್ಪಿನ ಜಾಗದಲ್ಲಿ.

ರಾಮ ಅಲ್ಲೇ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ 6 ತಿಂಗಳು ಸೆರೆಯಲ್ಲಿಡಿ ಅಂತಾನೆ. ಆಮೇಲೆ ಅಯೋಧ್ಯೆಗೆ ಕರೆಸಿ ನೋಡಿದರೆ ಭತ್ತ ಸೊರಗಿ ಹೋಗಿರುತ್ತದೆ, ರಾಗಿ ಹೋದ ಹಾಗೇ ಗಟ್ಟಿಮುಟ್ಟಾಗಿ ಬಂದು ನಿಲ್ಲುತ್ತದೆ. ರಾಘವನ ಹೆಸರೇ ಅದಕ್ಕೆ ಸಿಗುತ್ತದೆ. ಸೆರೆಮನೆ ಅನ್ನುವುದು ಮನುಷ್ಯರ ಶಿಕ್ಷೆ. ಕಾಳಿನ ಮಟ್ಟಿಗೆ ಅದೇನು? ಕಣಜ. ಹಳೇ ಮೈಸೂರಿನ ಕಡೆ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ಹೂಜಿಯ ಆಕಾರಕ್ಕೆ ಗುಂಡಿ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಹಾಕಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಇಟ್ಟರೂ ಕೆಡುತ್ತಿರಲಿಲ್ಲ, ರಾಗಿಗೆ ಹುಳು ಹತ್ತುವುದು ತೀರಾ ಕಡಿಮೆ. ಬರದ ವರ್ಷ ಹಗೇವು ತೆಗೆದರೆ ಊರು ಉಳಿಯುತ್ತಿತ್ತು. ಅಕ್ಕಿ ಡಬ್ಬದಲ್ಲಿ ಎರಡು ತಿಂಗಳು ಬಿಟ್ಟರೆ ಏನಾಗುತ್ತದೆ ಅಂತ ಅಡುಗೆ ಮಾಡುವ ಯಾರನ್ನು ಬೇಕಾದರೂ ಕೇಳಿ.

ಅಂದರೆ ಇಡೀ ಕಾವ್ಯ ನಿಂತಿರುವುದು ಒಂದು ಕಾಳಿನ ನಿಜವಾದ ಸ್ವಭಾವದ ಮೇಲೆ. ರಾಗಿಯ ತಾಳ್ಮೆ, ಗಟ್ಟಿತನ, ಕಷ್ಟದಲ್ಲಿ ಕೈಬಿಡದ ಗುಣ, ಯಾವುದನ್ನೂ ಕನಕದಾಸರು ಹೊರಗಿನಿಂದ ತಂದು ಹಚ್ಚಲಿಲ್ಲ. ಕತ್ತಲಲ್ಲಿ ಕೂರುವುದು ಅದಕ್ಕೆ ಅಭ್ಯಾಸ. ಬೇರೆ ಯಾವ ಪರೀಕ್ಷೆ ಇಟ್ಟಿದ್ದರೂ ಇಷ್ಟು ಸರಿಯಾಗಿ ಕೂರುತ್ತಿರಲಿಲ್ಲ. ರಾಗಿ ಮುದ್ದೆ ಉಣ್ಣುವ ಯಾವ ಮನೆಯಲ್ಲೇ ಈ ಕತೆ ಹೇಳಿದರೂ "ಹೌದಲ್ವಾ!" ಅನ್ನುವುದು ಇದೇ ಕಾರಣಕ್ಕೆ.

ಮೋಡದ ಕೈಲಿ ಸಂದೇಶ ಕಳಿಸಿದ ಕಾಳಿದಾಸನ ಮೇಘದೂತವೂ ಇಲ್ಲಿ ನೆನಪಾಗುತ್ತದೆ. ಅವನು ಶುರುವಿನಲ್ಲೇ ತನ್ನನ್ನು ತಾನು ಕೇಳಿಕೊಳ್ಳುತ್ತಾನೆ: ಹೊಗೆ, ಬೆಳಕು, ನೀರು, ಗಾಳಿ ಸೇರಿ ಆದ ಮೋಡ ಎಲ್ಲಿ, ಜೀವ ಇರುವವರು ಒಯ್ಯಬೇಕಾದ ಸಂದೇಶ ಎಲ್ಲಿ? ವಿರಹದಲ್ಲಿ ಬೆಂದವರಿಗೆ ಜಡ, ಚೇತನ ಅನ್ನುವ ಭೇದ ತಿಳಿಯುವುದಿಲ್ಲ ಅಂತ ಉತ್ತರವನ್ನೂ ಕೊಡುತ್ತಾನೆ. ಆದರೆ ಆಮೇಲೆ ಆ ಮೋಡವನ್ನು ಅವನು ನಡೆಸಿಕೊಳ್ಳುವ ರೀತಿ ನೋಡಿ. ದಾರಿಯಲ್ಲಿ ಮಳೆ ಸುರಿಸಿ ಹಗುರ ಆಗುತ್ತೀಯ, ನರ್ಮದೆಯ ನೀರು ಕುಡಿದು ಮುಂದೆ ಹೋಗು, ಒಳಗೆ ತೂಕ ಇದ್ದರೆ ಗಾಳಿ ನಿನ್ನನ್ನು ಎಳೆದಾಡುವುದಿಲ್ಲ ಅಂತಾನೆ ಯಕ್ಷ. ದೂರದ ಊರಿಗೆ ಹೊರಟ ನೆಂಟರಿಗೆ ಹೇಳುವ ಮಾತಿನ ಹಾಗಿದೆ, ಮೋಡವನ್ನು ಕತ್ತೆತ್ತಿ ನೋಡಿದವರ ಮಾತೂ ಹೌದು.

ಮಳೆಯ ವಿಷಯಕ್ಕೆ ನಮ್ಮ ಗಾದೆಯೂ ಒಂದಿದೆ, ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಮಘೆ ಬರುವುದು ಆಗಸ್ಟ್ ಎರಡನೇ ಅರ್ಧದಲ್ಲಿ, ಬಯಲುಸೀಮೆಯ ಪೈರು ಬೆಳೆಯುವ ಹುಡುಗರ ಹಾಗೆ ಹಸಿದಿರುವ ಹೊತ್ತು.

ಇನ್ನು ಎರಡನೇ ಥರ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಹಾವು ಹನ್ನೆರಡು ವರ್ಷ ದ್ವೇಷ ಇಟ್ಟುಕೊಳ್ಳುತ್ತದೆ ಅನ್ನುವ ಮಾತು ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಓದಿದವರು, ಊರೂರು ಸುತ್ತಿದವರೂ ಅದನ್ನು ನಂಬುತ್ತಾರೆ. ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ಹೋದ ಮಳೆಗಾಲ ಒಂದು ಕೇರೆ ಹಾವು ಕಾಣಿಸಿಕೊಂಡಿತು. ಕೇರೆಗೆ ವಿಷ ಇಲ್ಲ, ಇಲಿ ಹಿಡಿದು ತಿಂದುಕೊಂಡು ಇರುತ್ತದೆ. ಯಾರೋ ಕಲ್ಲು ಹೊಡೆದರು, ಏಟು ತಾಗಿತು, ಅದು ಚಪ್ಪಡಿ ಸಂದಿಗೆ ನುಗ್ಗಿತು. ಅಲ್ಲಿಗೆ ಬಿಡಬಹುದಿತ್ತು. "ಏಟು ತಿಂದಿದೆ, ಈಗ ಬಿಟ್ಟರೆ ಮನೆ ಹುಡುಕಿಕೊಂಡು ಬರುತ್ತೆ, ಮಕ್ಕಳಿರೋ ಮನೆ" ಅಂತ ಒಬ್ಬರು ಹೇಳಿದ್ದೇ ತಡ, ಚಪ್ಪಡಿ ಎತ್ತಿಸಿ ಕೊಂದರು. ಹಾವು ಹಿಡಿಯುವವರಿಗೆ ನಾನು ಫೋನ್ ಮಾಡಿದ್ದೆ, ಅವರು ದಾರಿಯಲ್ಲಿದ್ದರು. ನಿಲ್ಲಿಸಿ ನಿಲ್ಲಿಸಿ ಅಂದರೂ ಯಾರೂ ಕೇಳಲಿಲ್ಲ.

ಹಾವಿಗೆ ಹೊಡೆದವರ ಮುಖ ನೆನಪಿಟ್ಟುಕೊಂಡು ವರ್ಷಗಟ್ಟಲೆ ಹೊಂಚು ಹಾಕುವ ಬುದ್ಧಿ ಇಲ್ಲ. ಸೇಡು ಮನುಷ್ಯರದು. ನಮ್ಮ ಗುಣವನ್ನೇ ಅದರ ಮೇಲೆ ಹೊರಿಸಿ, ಆಮೇಲೆ ಆ ಗುಣಕ್ಕಾಗಿ ಅದಕ್ಕೇ ಶಿಕ್ಷೆ ಕೊಡುತ್ತೇವೆ. ನಾಗರಪಂಚಮಿಯ ದಿನ ಕೈಮುಗಿದು ಹಾಲು ಎರೆಯುವವರೂ ಹಾವನ್ನು ನೋಡಿರುವುದಿಲ್ಲ, ಯಾಕೆಂದರೆ ಹಾಲು ಹಾವಿನ ಆಹಾರವೇ ಅಲ್ಲ. ಭತ್ತಕ್ಕೆ ಹಚ್ಚಂಬಲಿ ಕೊಡುವುದಕ್ಕೂ ಜೀವಂತ ಹಾವಿನ ಬಾಯಿಗೆ ಹಾಲು ಹಿಡಿಯುವುದಕ್ಕೂ ಏನು ವ್ಯತ್ಯಾಸ ಅಂತ ನೀವು ಕೇಳಬಹುದು. ಗದ್ದೆಗೆ ಬಿದ್ದ ಅನ್ನ ಗೊಬ್ಬರವಾಗುತ್ತದೆ, ಇಲ್ಲವೇ ಕಾಗೆ ತಿನ್ನುತ್ತದೆ. ಹಾವಾಡಿಗರ ಬುಟ್ಟಿಯಲ್ಲಿ ಹಸಿದು ಬಾಯಾರಿದ ಹಾವಿಗೆ ಹಾಲು ಹಿಡಿದರೆ ಅದು ಎಷ್ಟೋ ಸಲ ಸಾಯುತ್ತದೆ. ನನಗೆ ಈ ವ್ಯತ್ಯಾಸ ಸಾಕು.

ಆನೆಗಳ ವಿಷಯದಲ್ಲಿ ಎರಡೂ ಥರ ಒಟ್ಟಿಗೇ ನಡೆಯುತ್ತಿದೆ. ಪೇಪರ್ ತೆಗೆದರೆ "ಪುಂಡಾನೆ ದಾಂಧಲೆ" ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಪುಂಡ ಅನ್ನುವುದು ಬೇಕಂತಲೇ ತಂಟೆ ಮಾಡುವವನಿಗೆ ಹೇಳುವ ಮಾತು. ಕಾಡಿನ ಅಂಚು ಕಾಫಿ ತೋಟವಾಗಿ, ಹಳೇ ದಾರಿಗೆ ಬೇಲಿ ಬಿದ್ದು, ಗದ್ದೆಯ ಭತ್ತ ಮೂಗಿಗೆ ಬಡಿಯುವಾಗ ಆನೆ ಬಂದರೆ ಅದರಲ್ಲಿ ಪುಂಡತನ ಏನಿದೆ? ಮದ ಬಂದ ಸಲಗದ ಮೈಯಲ್ಲಿ ಹಾರ್ಮೋನು ಎಷ್ಟೋ ಪಟ್ಟು ಏರಿರುತ್ತದೆ, ಕಣ್ಣು ಕಿವಿ ನಡುವಿನ ಗ್ರಂಥಿಯಿಂದ ದ್ರವ ಇಳಿಯುತ್ತಿರುತ್ತದೆ, ಅದರ ಕೆಟ್ಟತನ ಅಲ್ಲ ಅದು. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಿನ ಸಲಗದ ಎದುರು ಹೋರಾಡಿ ದಸರಾ ಆನೆ ಅರ್ಜುನ ಸತ್ತ. 8 ಸಲ ಅಂಬಾರಿ ಹೊತ್ತವನು. ಅವತ್ತು ಇಡೀ ಕರ್ನಾಟಕ ಅತ್ತಿತು, ನಾನೂ ಅತ್ತೆ. ಎಲ್ಲರ ಬಾಯಲ್ಲೂ ಅವನು, ಅವನು. ಎದುರಿಗಿದ್ದ ಕಾಡಾನೆ ಮಾತ್ರ ಅದು. ಒಂದೇ ಜಾತಿಯ ಎರಡು ಜೀವ. ಒಂದಕ್ಕೆ ಹೆಸರಿತ್ತು, ಇನ್ನೊಂದಕ್ಕೆ ನಾವು ಪುಂಡ ಅಂತ ಕರೆದಿದ್ದೆವು. ಅರ್ಜುನನಿಗಾಗಿ ಅಳುವುದು ತಪ್ಪು ಅಂತ ಖಂಡಿತ ಹೇಳುತ್ತಿಲ್ಲ. ಆ ಇನ್ನೊಂದು ಆನೆಗೂ ಅವತ್ತು ಆ ಕಾಡಿನಲ್ಲಿ ಭಯ ಆಗಿರಬೇಕು ಅಂತ ಅಷ್ಟೇ.

ಅದೇ ಹಾಸನ, ಚಿಕ್ಕಮಗಳೂರಿನ ತೋಟದವರು ಈಗ ಕಾಡಾನೆಗಳಿಗೆ ಹೆಸರಿಡುತ್ತಿದ್ದಾರೆ. ಭೀಮ ಇದ್ದಾನೆ, ಬೀಟಮ್ಮನ ಗುಂಪು ಇದೆ. ಇವತ್ತು ಬೀಟಮ್ಮನ ಗುಂಪು ಯಾವ ಕಡೆ ಇದೆ ಅಂತ ಬೆಳಿಗ್ಗೆ ಮೊಬೈಲಿಗೆ ಮೆಸೇಜು ಬರುತ್ತದೆ, ಅದನ್ನು ನೋಡಿಕೊಂಡು ಕೆಲಸದವರನ್ನು ಬೇರೆ ಬ್ಲಾಕಿಗೆ ಕಳಿಸುತ್ತಾರೆ. ನನಗೆ ಇದು ಬಹಳ ಹಿಡಿಸಿತು. ಹೆಸರಿಟ್ಟ ಮೇಲೆ ಒಂದೊಂದು ಆನೆಯ ನಡೆಯೂ ಬೇರೆ ಬೇರೆ ಅಂತ ಕಾಣಿಸತೊಡಗುತ್ತದೆ. ಯಾವುದು ಜನರನ್ನು ಕಂಡರೆ ಸರಿಯುತ್ತದೆ, ಯಾವುದರ ಹತ್ತಿರ ಹೋಗಬಾರದು, ಯಾವುದರ ಜೊತೆ ಮರಿ ಇದೆ. ಆನೆ ಕಾಟ ಅನ್ನುವ ಒಂದೇ ಮಾತು ಆಗ ಹತ್ತು ಮಾತಾಗಿ ಒಡೆಯುತ್ತದೆ. ಬೆಳೆ ಹೋದವರ ನೋವು ಹೆಸರಿಟ್ಟ ಮಾತ್ರಕ್ಕೆ ಹೋಗುವುದಿಲ್ಲ, ಅದೂ ನಿಜ. ಆದರೆ ಕಾಲ್ತುಳಿತಕ್ಕೆ ಸಿಗುವ ಒಬ್ಬ ಕೂಲಿಯವರು ಉಳಿದರೂ ಆ ಹೆಸರು ಸಾರ್ಥಕ.

ಯಂತ್ರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮ ಬೀದಿಯ ಮೆಕ್ಯಾನಿಕ್ ಅಣ್ಣ ಹಳೇ ಸ್ಕೂಟರ್ ಸ್ಟಾರ್ಟ್ ಮಾಡಿ ಕಿವಿಗೊಟ್ಟು "ಕೆಮ್ತಾ ಇದೆ ಮೇಡಂ, ಉಸಿರು ಕಟ್ತಿದೆ ಇದಕ್ಕೆ" ಅಂದರೆ ಏರ್ ಫಿಲ್ಟರ್ ಕಟ್ಟಿಕೊಂಡಿದೆ ಅಂತ ಅರ್ಥ. ಬಿಚ್ಚಿ ನೋಡಿದರೆ ಅದೇ ಇರುತ್ತದೆ. ನಮ್ಮಂಥವರು "ಗಾಡಿ ಹಠ ಮಾಡ್ತಿದೆ" ಅನ್ನುವುದಕ್ಕೂ ಅವರ ಮಾತಿಗೂ ಎಷ್ಟು ಅಂತರ ಇದೆ ನೋಡಿ. ಗದ್ದೆಯ ಅವ್ವನ ಪಕ್ಕದಲ್ಲಿ ನಾನು ಆ ಅಣ್ಣನನ್ನು ಕೂರಿಸುತ್ತೇನೆ.

ಕೊನೆಗೆ ನದಿ. ಇದು ನನ್ನನ್ನು ತುಂಬಾ ಕಾಡುವ ವಿಷಯ.

ಕಾವೇರಿ ಕವೇರ ಮುನಿಯ ಮಗಳು, ಅಗಸ್ತ್ಯರ ಹೆಂಡತಿ, ಕೊಡವರಿಗೆ ಕಾವೇರಮ್ಮೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಅವಳು ಉಕ್ಕುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಕೆಆರ್‌ಎಸ್ 124.80 ಅಡಿ ತುಂಬಿದರೆ ಮುಖ್ಯಮಂತ್ರಿಗಳು ಬಂದು ಬಾಗಿನ ಕೊಡುತ್ತಾರೆ. ಗೌರಿ ಹಬ್ಬಕ್ಕೆ ಮುತ್ತೈದೆಯರಿಗೆ ಕೊಡುವ ಮೊರದ ಬಾಗಿನವೇ ಅದು: ಅರಿಸಿನ, ಕುಂಕುಮ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಬೇಳೆ ಕಾಳು, ಬೆಲ್ಲ. ಒಂದು ಸರ್ಕಾರ ನದಿಗೆ ಬಳೆ, ಬಾಚಣಿಗೆ ಕೊಡುತ್ತದೆ ಅನ್ನುವುದು ನನಗೆ ಈಗಲೂ ಚೆಂದ ಕಾಣುತ್ತದೆ.

ಆದರೆ ತಾಯಿ ಅನ್ನುವ ಪಟ್ಟದಲ್ಲಿ ಒಂದು ತೊಡಕಿದೆ. ಬಸುರಿ ಅಂದರೆ ತುಳಿಯಬಾರದು. ಮುಟ್ಟು ಅಂದರೆ ಅಗೆಯಬಾರದು. ತಾಯಿ ಅಂದರೆ? ನಮ್ಮ ಮನೆಗಳಲ್ಲಿ ತಾಯಿ ಅಂದರೆ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು, ಎಷ್ಟು ಕೇಳಿದರೂ ಕೊಡುವವಳು, ಏನು ಮಾಡಿದರೂ ಕ್ಷಮಿಸುವವಳು. ನದಿಗೆ ಆ ಹೆಸರು ಕೊಟ್ಟು, ಮನೆಯ ತಾಯಿಯನ್ನು ಹೇಗೆ ನಡೆಸಿಕೊಳ್ಳುತ್ತೇವೋ ಹಾಗೇ ನದಿಯನ್ನೂ ನಡೆಸಿಕೊಂಡಿದ್ದೇವೆ. ಬೆಂಗಳೂರಿನ ವೃಷಭಾವತಿಯನ್ನೇ ನೋಡಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದವಳು ಅನ್ನುವ ನಂಬಿಕೆ, ಹೆಸರಿನಲ್ಲೇ ಬಸವ. ಮೈಸೂರು ರಸ್ತೆಯಲ್ಲಿ ಅದರ ಪಕ್ಕ ಹೋಗುವಾಗ ಬಸ್ಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ, ಮೋರಿ ಅಂತಾರೆ. ಊರಿನ ಕೊಳಚೆ, ಕಾರ್ಖಾನೆಯ ಹೊಲಸು ಎಲ್ಲಾ ಹೊತ್ತುಕೊಂಡು ಬೈರಮಂಗಲ ಕೆರೆಗೆ ಹೋಗಿ, ಅರ್ಕಾವತಿ ಸೇರಿ, ಅಲ್ಲಿಂದ ಕಾವೇರಿಗೆ. ಮೊರದಲ್ಲಿ ಬಳೆ ಇಟ್ಟು ಕೊಡುವ ಅದೇ ಕಾವೇರಿಗೆ.

2017ರ ಮಾರ್ಚಿನಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗೆ ಮತ್ತು ಯಮುನೆ ಕಾನೂನಿನ ಪ್ರಕಾರ ಜೀವಂತ ವ್ಯಕ್ತಿಗಳು ಅಂತ ತೀರ್ಪು ಕೊಟ್ಟಿತು. ಆ ವರ್ಷದ ಜುಲೈನಲ್ಲೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಪ್ರವಾಹ ಬಂದು ಜನರಿಗೆ ನಷ್ಟವಾದರೆ ನದಿಯ ಪರವಾಗಿ ಪರಿಹಾರ ಕಟ್ಟುವವರು ಯಾರು ಅಂತ ರಾಜ್ಯ ಸರ್ಕಾರವೇ ಕೇಳಿತ್ತು. ಅದೇ 2017ರ ಮಾರ್ಚಿನಲ್ಲಿ ನ್ಯೂಜಿಲೆಂಡ್ ಸಂಸತ್ತು ವಾಂಗನೂಯಿ ನದಿಯನ್ನು ವ್ಯಕ್ತಿ ಅಂತ ಕಾನೂನು ಮಾಡಿತು. ಅಲ್ಲಿ ಅದು ಉಳಿದಿದೆ. ಆ ನದಿಯ ದಡದ ಮಾವೊರಿ ಜನ ನೂರು ವರ್ಷಕ್ಕೂ ಮೇಲೆ ಅದಕ್ಕಾಗಿ ಹೋರಾಡಿದ್ದರು. ನದಿ ಅವರಿಗೆ ಹಿರಿಯರಲ್ಲಿ ಒಬ್ಬರು. ಕಾನೂನು ನದಿಯ ಪರವಾಗಿ ಮಾತಾಡಲು ಇಬ್ಬರನ್ನು ನೇಮಿಸುತ್ತದೆ, ಸರ್ಕಾರದ ಕಡೆಯಿಂದ ಒಬ್ಬರು, ಆ ನದಿಯ ಜನರ ಕಡೆಯಿಂದ ಒಬ್ಬರು.

ವೃಷಭಾವತಿಗೂ ಹಾಗೆ ಇಬ್ಬರು ಬೇಕು ಅನ್ನುವುದು ನನ್ನ ಆಸೆ. ಸರ್ಕಾರದ ಕಡೆಯವರು ಯಾರಾದರೂ ಇರಲಿ. ಇನ್ನೊಬ್ಬರು ಬೈರಮಂಗಲದ ಕೆಳಗಿನ ರೈತರೇ ಆಗಬೇಕು, ಬೇರೆ ನೀರಿಲ್ಲದೆ ಅದೇ ನೀರು ಹಾಯಿಸುವವರು, ಅದರ ನೊರೆ ಯಾವ ಹೊತ್ತಿನಲ್ಲಿ ಏಳುತ್ತದೆ, ಬಣ್ಣ ಯಾವ ದಿನ ಬದಲಾಗುತ್ತದೆ ಅಂತ ಬಲ್ಲವರು. ಆ ನದಿ ಅವರಿಗೆ ತಾಯಿಯೋ, ಕಾಯಿಲೆ ಬಿದ್ದ ಅಕ್ಕನೋ, ಇನ್ನು ಏನೂ ಅಲ್ಲವೋ, ಅದನ್ನು ಮೊದಲು ಅವರ ಬಾಯಿಂದಲೇ ಕೇಳಬೇಕು.